ಆಕಾಶದಲ್ಲೊಂದು ಬಂಡಿದಾರಿ



ನಿಮ್ಮ ಊರಿನ ಗ್ರಾಮ ನಕ್ಷೆಯನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ಅದರಲ್ಲಿ ಸರ್ವೆ ನಂಬರುಗಳ ನಡುವೆ ಕೆರೆ, ಗೋಮಾಳ, ಗುಂಡುತೋಪು, ಸ್ಮಶಾನಗಳಿಗೆ ಜಾಗ ಇರುತ್ತದೆ. ಜೊತೆಗೆ ಬಂಡಿದಾರಿ, ಕಾಲುದಾರಿ, ರಾಜಕಾಲುವೆಗಳನ್ನೂ ಗೆರೆ ಎಳೆದು ತೋರಿಸಿರುತ್ತಾರೆ. ವರ್ಷದ ಬಹುಕಾಲ ಆ ಬಂಡಿದಾರಿಯಲ್ಲಿ ಹುಲ್ಲು ಬೆಳೆದಿರುತ್ತದೆ; ರಾಜಕಾಲುವೆ ಒಣಗಿ ಬಿದ್ದಿರುತ್ತದೆ. ಹಾಗೆಂದು ಪಕ್ಕದ ಹೊಲದವರು ಅದನ್ನು ಉತ್ತು ಒತ್ತುವರಿ ಮಾಡಿಕೊಂಡರೆ ಏನಾಗುತ್ತದೆ? ಸುಗ್ಗಿಯ ಕಾಲಕ್ಕೆ ಬಂಡಿ ನಿಲ್ಲುತ್ತದೆ. ಮಳೆ ಬಂದಾಗ ನೀರು ಕೆರೆಗೆ ಹೋಗದೆ ಮನೆಗೆ ನುಗ್ಗುತ್ತದೆ. ಕೆರೆಗಳ ಜಿಲ್ಲೆ ಎನಿಸಿದ ಕೋಲಾರದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರಿ ದಿನವೂ ಬಳಕೆಯಲ್ಲಿರಬೇಕೆಂದಿಲ್ಲ. ಬೇಕಾದ ದಿನ ತೆರೆದಿರಬೇಕು. ಅದಕ್ಕಾಗಿಯೇ ಹಿರಿಯರು ಅದನ್ನು ನಕ್ಷೆಯಲ್ಲಿ ಬರೆದಿಟ್ಟರು.

ಇಂದು ನಾವು ಮಾತನಾಡಲಿರುವುದು ನೆಲದ ಮೇಲಿಲ್ಲದ ಒಂದು ಬಂಡಿದಾರಿಯ ಬಗ್ಗೆ. ರೋಗಿಯನ್ನು ಹೊತ್ತ ಹೆಲಿಕಾಪ್ಟರ್ ನಗರದ ಆಸ್ಪತ್ರೆಗೆ ಇಳಿದುಬರುವ ಆಕಾಶದ ದಾರಿ ಅದು. ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಮುಚ್ಚುವುದು ಬಹಳ ಸುಲಭ.

ಗೌನಿಪಲ್ಲಿಯಿಂದ ಬೆಂಗಳೂರಿಗೆ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರಪ್ರದೇಶದ ಗಡಿಗೆ ಸಮೀಪದ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಇಲ್ಲಿ ಬಹಳ. ಸುತ್ತಲೂ ಮಾವಿನ ತೋಪುಗಳು. ಮಾವಿನ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡ ಕೂಲಿಯಾಳು, ಹೆದ್ದಾರಿಯಲ್ಲಿ ತಲೆಗೆ ಏಟು ಬಿದ್ದ ದ್ವಿಚಕ್ರ ಸವಾರ, ಹೆರಿಗೆಯಲ್ಲಿ ತೊಡಕಾದ ತಾಯಿ - ಇಂಥವರಿಗೆ ಮೊದಲ ನೆರವು 108 ಆಂಬುಲೆನ್ಸ್. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಈ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವು ಒಂದೊಂದೇ ಮೆಟ್ಟಿಲು. ಅಲ್ಲಿಯೂ ಆಗದ ಚಿಕಿತ್ಸೆಗೆ ಬೆಂಗಳೂರು.

ಗೌನಿಪಲ್ಲಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದಾರಿ. ನಗರದ ಅಂಚಿನವರೆಗೆ ಬರುವುದು ಒಂದು ಲೆಕ್ಕ. ಅಲ್ಲಿಂದ ಆಸ್ಪತ್ರೆಯ ಬಾಗಿಲು ಮುಟ್ಟುವುದು ಇನ್ನೊಂದು ಲೆಕ್ಕ. ಸಂಜೆಯ ಹೊತ್ತು ಕೆ.ಆರ್. ಪುರದ ಬಳಿ ವಾಹನಗಳ ನಡುವೆ ಸಿಕ್ಕಿಬಿದ್ದವರಿಗೆ ಇದು ಗೊತ್ತು. ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ವೇಗದ ಹೆಲಿಕಾಪ್ಟರಿಗೆ ಇದೇ ದೂರ ಅರ್ಧ ಗಂಟೆಯ ಮಾತು. ಆದರೆ ಒಂದು ಷರತ್ತು: ಆಸ್ಪತ್ರೆಯ ಬಳಿಯೇ ಇಳಿಯಲು ಅದಕ್ಕೆ ದಾರಿ ಇರಬೇಕು. ಎಲ್ಲೋ ದೂರದ ವಿಮಾನ ನಿಲ್ದಾಣದಲ್ಲಿ ಇಳಿದು, ರೋಗಿಯನ್ನು ಮತ್ತೆ ಆಂಬುಲೆನ್ಸಿಗೆ ಹಾಕಿ, ಅದೇ ರಸ್ತೆಗಳಲ್ಲಿ ಸಾಗಬೇಕಾದರೆ, ಉಳಿಸಿದ ಸಮಯವೆಲ್ಲ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಕರಗಿಹೋಗುತ್ತದೆ.

ಯುದ್ಧಭೂಮಿಯಿಂದ ಆಸ್ಪತ್ರೆಯ ಮಾಳಿಗೆಗೆ

ಹೆಲಿಕಾಪ್ಟರಿನ ಇತಿಹಾಸದಲ್ಲಿ ನಮ್ಮ ನೆಲಕ್ಕೂ ಒಂದು ಸ್ಥಾನವಿದೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಏಪ್ರಿಲ್ ತಿಂಗಳಲ್ಲಿ, ಬರ್ಮಾದ ಕಾಡಿನಲ್ಲಿ ಒಂದು ಸಣ್ಣ ವಿಮಾನ ಕೆಳಗಿಳಿಯಿತು. ಅದರ ಚಾಲಕನೂ ಮೂವರು ಗಾಯಾಳು ಬ್ರಿಟಿಷ್ ಸೈನಿಕರೂ ಶತ್ರುಗಳ ನಡುವೆ ಸಿಕ್ಕಿಕೊಂಡರು. ಅವರನ್ನು ತರಲು ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಕಾರ್ಟರ್ ಹಾರ್ಮನ್ ಎಂಬ ಅಮೆರಿಕದ ಲೆಫ್ಟಿನೆಂಟ್ ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರ್ ತೆಗೆದುಕೊಂಡು ಹೊರಟರು. ಆ ಯಂತ್ರ ಎಷ್ಟು ಬಡಕಲು ಎಂದರೆ ಒಮ್ಮೆಗೆ ಒಬ್ಬರನ್ನು ಮಾತ್ರ ಹೊರಬಲ್ಲದಾಗಿತ್ತು. ಬಿಸಿಲಿಗೆ ಎಂಜಿನ್ ಕಾದು ಮುಷ್ಕರ ಹೂಡುತ್ತಿತ್ತು. ಆದರೂ ಒಬ್ಬೊಬ್ಬರನ್ನಾಗಿ ನಾಲ್ವರನ್ನೂ ಹೊರಗೆ ತಂದರು. ಯುದ್ಧದಲ್ಲಿ ಹೆಲಿಕಾಪ್ಟರಿನಿಂದ ಗಾಯಾಳುಗಳನ್ನು ಪಾರುಮಾಡಿದ ಮೊದಲ ಪ್ರಸಂಗ ಇದೆಂದು ಇತಿಹಾಸ ದಾಖಲಿಸಿದೆ.

1950ರಿಂದ 53ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರಿನ ಎರಡೂ ಬದಿಗೆ ಸ್ಟ್ರೆಚರ್ ಕಟ್ಟಿ ಸಾವಿರಾರು ಗಾಯಾಳುಗಳನ್ನು ಸಾಗಿಸಿದರು. ಯುದ್ಧದಲ್ಲಿ ಕಲಿತ ಪಾಠ ನಾಗರಿಕ ಜೀವನಕ್ಕೂ ಬಂತು. ಪೆಟ್ಟಾದ ಮೊದಲ ಗಂಟೆಯ ಮಹತ್ವವನ್ನು ಒತ್ತಿ ಹೇಳಿ, ಅದನ್ನು 'ಸುವರ್ಣ ಗಂಟೆ' ಎಂದು ಕರೆದವರು ಅಮೆರಿಕದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ. ಅವರು ಕೆಲಸ ಮಾಡುತ್ತಿದ್ದ ಮೇರಿಲ್ಯಾಂಡ್ ರಾಜ್ಯದಲ್ಲಿ 1970ರಲ್ಲಿ ಪೊಲೀಸರ ಹೆಲಿಕಾಪ್ಟರುಗಳು ಅಪಘಾತದ ಗಾಯಾಳುಗಳನ್ನು ಹೊತ್ತು ತರಲಾರಂಭಿಸಿದವು. ಅದೇ ವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಪತ್ರೆಗೆ ಸೇರಿದ ಹೆಲಿಕಾಪ್ಟರ್ ಸೇವೆ ಮೊದಲಾಯಿತು. ಲಂಡನ್ನಿನಲ್ಲಿ 1989ರಲ್ಲಿ ಸೇವೆ ಶುರುವಾಗಿ, ಮರುವರ್ಷ ರಾಯಲ್ ಲಂಡನ್ ಆಸ್ಪತ್ರೆಯ ಮಾಳಿಗೆಯ ಮೇಲೆ ಹೆಲಿಪ್ಯಾಡ್ ಸಿದ್ಧವಾಯಿತು.

ನಮ್ಮ ಬೆಂಗಳೂರಾದರೋ ಹೆಲಿಕಾಪ್ಟರುಗಳ ತವರುಮನೆ. 1940ರಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅಲ್ಲಿ ಜೋಡಿಸಿದ ಮೊದಲ ಚೇತಕ್ ಹೆಲಿಕಾಪ್ಟರ್ ಹಾರಿದ್ದು 1965ರಲ್ಲಿ. ಸ್ವದೇಶಿ ವಿನ್ಯಾಸದ ಧ್ರುವ್ ಮೊದಲ ಬಾರಿ ಗಗನಕ್ಕೇರಿದ್ದು 1992ರ ಆಗಸ್ಟಿನಲ್ಲಿ, ಇದೇ ಬೆಂಗಳೂರಿನಲ್ಲಿ. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಯಂತ್ರ ತಯಾರಿಸುವ ವಿದ್ಯೆ ನಮ್ಮಲ್ಲಿದೆ. ಅದು ಬಂದಿಳಿಯುವ ದಾರಿಯನ್ನು ಕಾಯುವ ವಿದ್ಯೆ ನಮ್ಮಲ್ಲಿದೆಯೇ?

ನೇರ ಕೆಳಗೆ ಇಳಿಯಬಾರದೇಕೆ?

'ಹೆಲಿಕಾಪ್ಟರಿಗೆ ದಾರಿ ಯಾಕೆ ಬೇಕು? ಅದು ನಿಂತಲ್ಲಿಂದಲೇ ಏರಿ, ನೇರ ಕೆಳಗೆ ಇಳಿಯುತ್ತದಲ್ಲವೇ?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಾಗೆ ಇಳಿಯಲು ಅದಕ್ಕೆ ಸಾಧ್ಯವಿದೆ. ಆದರೆ ಅಪಾಯವೂ ಇದೆ. ನೇರವಾಗಿ ಬೇಗ ಇಳಿದರೆ ರೆಕ್ಕೆಗಳು ತಾವೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿ, ಎತ್ತುವ ಶಕ್ತಿ ಕುಸಿಯುತ್ತದೆ. ಏರುವಾಗ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟರೆ, ಉಳಿದ ಒಂದರ ಬಲದಿಂದ ನೇರ ಮೇಲೇರುವುದು ಕಷ್ಟ. ಮುಂದಕ್ಕೆ ಸಾಗುತ್ತಾ ನಿಧಾನವಾಗಿ ಏರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. 1944ರಲ್ಲಿ ಬರ್ಮಾದ ಬಿಸಿಲು ಹಾರ್ಮನ್ನರ ಯಂತ್ರವನ್ನು ಕಾಡಿದ್ದು ನೆನಪಿದೆಯಲ್ಲವೇ?

ಆದ್ದರಿಂದ ಹೆಲಿಕಾಪ್ಟರಿಗೂ ಇಳಿಜಾರಾದ ದಾರಿ ಬೇಕು. ಅದೂ ಎರಡು ದಿಕ್ಕಿನಿಂದ, ಏಕೆಂದರೆ ಗಾಳಿ ಬೀಸುವ ದಿಕ್ಕು ಬದಲಾದಂತೆ ಬಂದಿಳಿಯುವ ದಿಕ್ಕೂ ಬದಲಾಗಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1990ರಲ್ಲಿ ಹೆಲಿಪೋರ್ಟುಗಳಿಗೆಂದೇ ಪ್ರತ್ಯೇಕ ನಿಯಮ ಸಂಪುಟ ಹೊರತಂದಿತು. ಅದರಲ್ಲಿನ ಅತ್ಯಂತ ಎಚ್ಚರಿಕೆಯ ಲೆಕ್ಕ ಶೇಕಡ 4.5ರ ಇಳಿಜಾರು. ಎಂದರೆ ನೂರು ಮೀಟರ್ ದೂರ ಹೋದಾಗ ನಾಲ್ಕೂವರೆ ಮೀಟರ್ ಏರಿಕೆ.

ಒಂದು ಸಣ್ಣ ಗಣಿತ ಮಾಡೋಣ. ನೆಲದ ಮಟ್ಟದಲ್ಲಿರುವ ಹೆಲಿಪ್ಯಾಡಿನಿಂದ 500 ಮೀಟರ್ ದೂರದಲ್ಲಿ ದಾರಿಯ ತಳ 22.5 ಮೀಟರ್ ಎತ್ತರದಲ್ಲಿರುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ 45 ಮೀಟರ್. ಈ ಗೆರೆಯನ್ನು ಯಾವ ಕಟ್ಟಡವೂ ಚುಚ್ಚಬಾರದು. ಈಗ ಹೆಲಿಪ್ಯಾಡನ್ನು 30 ಮೀಟರ್ ಎತ್ತರದ ಆಸ್ಪತ್ರೆಯ ಮಾಳಿಗೆಗೆ ಏರಿಸಿ. ಆಗ 500 ಮೀಟರ್ ದೂರದ ಕಟ್ಟಡಕ್ಕೆ 52.5 ಮೀಟರ್, ಒಂದು ಕಿಲೋಮೀಟರ್ ದೂರದ್ದಕ್ಕೆ 75 ಮೀಟರ್ ಅವಕಾಶ ಸಿಗುತ್ತದೆ. 75 ಮೀಟರ್ ಎಂದರೆ ಇಪ್ಪತ್ತು ಅಂತಸ್ತಿಗೂ ಹೆಚ್ಚು. ಎತ್ತರದ ಮನೆಗಳೂ ಬೇಕು, ದಾರಿಯೂ ಬೇಕು ಎನ್ನುವವರಿಗೆ ಇಲ್ಲಿ ಒಂದು ಉಪಾಯ ಕಾಣುತ್ತದೆ. ಆದರೆ ಆ ಲೆಕ್ಕವನ್ನು ಕಟ್ಟಡ ಏಳುವ ಮೊದಲೇ ಮಾಡಬೇಕು.

ಆಕಾಶ ಯಾರ ಸ್ವತ್ತು?

ನೆಲದ ಒಡೆಯನೇ ಅದರ ಮೇಲಿನ ಆಕಾಶಕ್ಕೂ ಒಡೆಯ ಎಂಬುದು ಯೂರೋಪಿನ ಹಳೆಯ ನ್ಯಾಯಸೂತ್ರ. ವಿಮಾನ ಬಂದ ಮೇಲೆ ಅದು ನಿಲ್ಲಲಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನದಲ್ಲಿ ಒಬ್ಬ ಕೋಳಿ ಸಾಕಣೆಗಾರನ ಜಮೀನಿನ ಮೇಲೆ ಸೇನೆಯ ವಿಮಾನಗಳು ಬಹಳ ತಗ್ಗಿನಲ್ಲಿ ಹಾರುತ್ತಿದ್ದವು. ಹೆದರಿದ ಕೋಳಿಗಳು ಗೋಡೆಗೆ ಬಡಿದು ಸತ್ತವು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಮೇಲಿನ ಆಕಾಶ ಸಾರ್ವಜನಿಕರ ಹೆದ್ದಾರಿ. ಅದಕ್ಕೆ ಖಾಸಗಿ ಒಡೆತನವಿಲ್ಲ. ಆದರೆ ನೆಲಕ್ಕೆ ಅಂಟಿದ ಆಕಾಶ ಜಮೀನಿನವನಿಗೆ ಸೇರಿದ್ದು. ಅದನ್ನು ಕಸಿದರೆ ಪರಿಹಾರ ಕೊಡಬೇಕು. ತಗ್ಗಿನ ಆಕಾಶದ ಜಗಳವೆಲ್ಲ ಈ ಎರಡು ಮಾತುಗಳ ನಡುವೆಯೇ ಇದೆ.

ನಮ್ಮ ದೇಶದಲ್ಲಿ 1934ರ ವಿಮಾನ ಕಾಯಿದೆಗೆ 1972ರಲ್ಲಿ ಒಂದು ಕಲಮು ಸೇರಿತು. ವಿಮಾನ ನಿಲ್ದಾಣದ ಸುತ್ತ ಎತ್ತರದ ಕಟ್ಟಡ ಕಟ್ಟುವುದನ್ನೂ ಮರ ಬೆಳೆಸುವುದನ್ನೂ ತಡೆಯುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅಡ್ಡಿಯಾದ ಕಟ್ಟಡ, ಮರಗಳನ್ನು ತೆಗೆಸುವ ನಿಯಮಗಳು 1994ರಲ್ಲಿ ಬಂದವು. ಎತ್ತರದ ಮಿತಿಯ ನಿಯಮಗಳು 2015ರಲ್ಲಿ ಹೊಸರೂಪ ಪಡೆದವು. 2025ರ ಜನವರಿ 1ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ದೊಡ್ಡ ವಿಮಾನ ನಿಲ್ದಾಣದ ಸುತ್ತ ನಾಲ್ಕು ಕಿಲೋಮೀಟರ್ ವ್ಯಾಪ್ತಿಯಲ್ಲಿ 45 ಮೀಟರಿಗಿಂತ ಎತ್ತರ ಏರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಪ್ರಸಿದ್ಧವಾದ ಒಂದು ಮಿತಿ. ಎಲ್ಲೆಲ್ಲಿ ಎಷ್ಟು ಎತ್ತರ ಎಂಬುದನ್ನು ಬಣ್ಣ ಹಚ್ಚಿದ ನಕ್ಷೆಗಳಲ್ಲಿ ತೋರಿಸಿ ನಗರಸಭೆಗಳ ಕೈಗೆ ಕೊಡುತ್ತಾರೆ.

ಈ ನಕ್ಷೆಗಳು ವಿಮಾನ ನಿಲ್ದಾಣಗಳ ಹೆಸರಿನಲ್ಲಿ ತಯಾರಾದವು, ಆಸ್ಪತ್ರೆಗಳ ಹೆಸರಿನಲ್ಲಲ್ಲ. ನಿಲ್ದಾಣದಲ್ಲಿ ದಿನಕ್ಕೆ ನೂರಾರು ವಿಮಾನಗಳು ಹಾರುವುದರಿಂದ ಅದರ ದಾರಿ ಎಲ್ಲರಿಗೂ ಕಾಣುತ್ತದೆ. ಆಸ್ಪತ್ರೆಯ ಹೆಲಿಪ್ಯಾಡ್ ತಿಂಗಳುಗಟ್ಟಲೆ ಖಾಲಿ ಇರಬಹುದು. ಹುಲ್ಲು ಬೆಳೆದ ಬಂಡಿದಾರಿಯ ಕಥೆಯೇ ಇದು.

ನಂದಿಬೆಟ್ಟ ಮತ್ತು ಜಕ್ಕೂರು

ನಮ್ಮ ಸುತ್ತಲೇ ನಡೆದ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿ.

2022ರ ಫೆಬ್ರವರಿ 20ರ ಭಾನುವಾರ. ನಂದಿಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ 19 ವರ್ಷದ ಒಬ್ಬ ವಿದ್ಯಾರ್ಥಿ ಕಾಲು ಜಾರಿ ಸುಮಾರು ಮುನ್ನೂರು ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ನಂದಿಬೆಟ್ಟ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯದು. ಜಿಲ್ಲಾಡಳಿತದ ಕೋರಿಕೆಯಂತೆ ಯಲಹಂಕ ವಾಯುನೆಲೆಯಿಂದ ಮಿ-17 ಹೆಲಿಕಾಪ್ಟರ್ ಬಂತು. ಕಡಿದಾದ ಬಂಡೆಯ ಬಳಿ ಇಳಿಯಲು ಜಾಗವಿಲ್ಲದೆ, ಗಾಳಿಯಲ್ಲಿ ನಿಂತೇ ಹಗ್ಗ ಇಳಿಬಿಟ್ಟು ಹುಡುಗನನ್ನು ಮೇಲೆತ್ತಿದರು. ಯಲಹಂಕಕ್ಕೆ ತಂದು, ಅಲ್ಲಿಂದ ಆಸ್ಪತ್ರೆಗೆ ಕಳುಹಿಸಿದರು. ಹುಡುಗ ಬದುಕಿದ. ಯಲಹಂಕ ನಗರದ ನಡುವೆಯೇ ಇದ್ದರೂ ಅದರ ಮೇಲಿನ ಆಕಾಶ ತೆರೆದಿರುವುದು ಆಕಸ್ಮಿಕವಲ್ಲ. ರಕ್ಷಣಾ ನೆಲೆಗಳ ಸುತ್ತ ಕಟ್ಟಡ ನಿರ್ಬಂಧಿಸುವ ಕಾನೂನು 1903ರಷ್ಟು ಹಿಂದೆಯೇ ಬಂದಿತ್ತು.

ಯಲಹಂಕದಿಂದ ಸ್ವಲ್ಪವೇ ದೂರ ಜಕ್ಕೂರು. 1940ರ ದಶಕದ ಕೊನೆಯಲ್ಲಿ, ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ಆಗ ಸುತ್ತ ರಾಗಿ ಹೊಲಗಳಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆಯಿತು. ಅದನ್ನು ತಲುಪುವ ಹೆದ್ದಾರಿಯನ್ನು ಮೇಲ್ಸೇತುವೆಯಾಗಿ ಎತ್ತರಿಸಿದಾಗ, ಅದು ಜಕ್ಕೂರು ರನ್‌ವೇಯ ತುದಿಗೆ ಅಡ್ಡವಾಯಿತು. ಪರಿಣಾಮವಾಗಿ ರನ್‌ವೇಯ ಒಂದು ಭಾಗ ಬಳಕೆಗೆ ಸಿಗದಾಯಿತು. ಗಮನಿಸಿ: ಒಂದು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯೇ ಇನ್ನೊಂದು ನಿಲ್ದಾಣದ ದಾರಿಯನ್ನು ಕಡಿಯಿತು. ಇಲ್ಲಿ ದುರಾಸೆಯ ಮಾತಿಲ್ಲ. ರಸ್ತೆ ಊರಿಗೆ ಬೇಕಾದದ್ದೇ. ಆಕಾಶದ ಗೆರೆ ಯೋಜಕರ ಮೇಜಿನ ಮೇಲೆ ಸಕಾಲದಲ್ಲಿ ಇರದಿದ್ದರೆ, ಒಳ್ಳೆಯ ಕೆಲಸವೂ ಅಡ್ಡಿಯಾಗಿಬಿಡುತ್ತದೆ.

ಬೆಂಗಳೂರು ಎತ್ತರಕ್ಕೆ ಬೆಳೆದದ್ದು ಇತ್ತೀಚೆಗೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ 'ಯುಟಿಲಿಟಿ ಬಿಲ್ಡಿಂಗ್' ಎಂದು ಜನ ಕರೆಯುವ 25 ಅಂತಸ್ತಿನ ಕಟ್ಟಡ 1973ರಲ್ಲಿ ಎದ್ದಾಗ ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಅದರ ಎತ್ತರ 106 ಮೀಟರ್. ಅನೇಕ ವರ್ಷ ಅದೇ ನಗರದ ಶಿಖರ. ಈಗ ಅದನ್ನು ಮೀರಿಸಿದ ಕಟ್ಟಡಗಳು ನಗರದ ಹಲವು ದಿಕ್ಕುಗಳಲ್ಲಿವೆ. ಒಮ್ಮೆ ಎದ್ದ ಗೋಪುರವನ್ನು ಕೆಡಹುವುದು ಯಾರಿಂದಲೂ ಸುಲಭವಲ್ಲ. ಅದರಲ್ಲಿ ಮನೆ ಕೊಂಡವರ ಜೀವಮಾನದ ಉಳಿತಾಯ ಇರುತ್ತದೆ.

ಬೇರೆ ನಗರಗಳು ಮಾಡಿದ್ದೇನು?

ಕೆನಡಾದ ಟೊರಾಂಟೊ ನಗರದ ನಡುವೆ ಮಕ್ಕಳ ಆಸ್ಪತ್ರೆ ಮತ್ತು ಸೇಂಟ್ ಮೈಕಲ್ಸ್ ಆಸ್ಪತ್ರೆಗಳ ಮಾಳಿಗೆಯ ಮೇಲೆ ಹೆಲಿಪ್ಯಾಡುಗಳಿವೆ. ಸುತ್ತ ಗೋಪುರಗಳು ಏಳತೊಡಗಿದಾಗ ನಗರಸಭೆ ಆ ದಾರಿಗಳನ್ನು ತನ್ನ ಕಟ್ಟಡ ನಿಯಮದಲ್ಲೇ ಬರೆದಿತು. ಕಟ್ಟಡ ಮಾತ್ರವಲ್ಲ, ಅದನ್ನು ಕಟ್ಟಲು ನಿಲ್ಲಿಸುವ ಕ್ರೇನ್ ಕೂಡ ಆ ದಾರಿಯೊಳಗೆ ಚಾಚಬಾರದು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿಯೂ ಆಸ್ಪತ್ರೆಗಳ ಹೆಲಿಕಾಪ್ಟರ್ ದಾರಿಗಳನ್ನು ನಗರ ಯೋಜನೆಯ ನಕ್ಷೆಯ ಮೇಲೆ ಎಳೆದಿದ್ದಾರೆ. ಮುಖ್ಯವಾದ ಹೆಲಿಕಾಪ್ಟರ್ ತಾಣಗಳನ್ನು ಕಾಪಾಡಲು ಆ ದೇಶ 2018ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಲಂಡನ್ನಿನ ಆಸ್ಪತ್ರೆ ಹೊಸ ಕಟ್ಟಡ ಕಟ್ಟಿದಾಗ ಹೆಲಿಪ್ಯಾಡನ್ನು 17ನೇ ಅಂತಸ್ತಿಗೆ ಏರಿಸಿತು. ನಾವು ಆಗಲೇ ಗಣಿತದಲ್ಲಿ ಕಂಡ ಉಪಾಯ ಇದೇ.

ಕ್ರೇನಿನ ಮಾತು ಏಕೆ ಬಂತು? 2013ರ ಜನವರಿ 16ರ ಮಂಜು ಕವಿದ ಬೆಳಿಗ್ಗೆ ಲಂಡನ್ನಿನಲ್ಲಿ ಒಂದು ಹೆಲಿಕಾಪ್ಟರ್ ನಿರ್ಮಾಣದಲ್ಲಿದ್ದ ಗೋಪುರದ ಕ್ರೇನಿಗೆ ಬಡಿದು ಕೆಳಗೆ ಬಿತ್ತು. ಚಾಲಕನೂ ಬೀದಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬರೂ ಸತ್ತರು. ಕಟ್ಟಡ ಸ್ಥಿರ, ಕ್ರೇನ್ ತಾತ್ಕಾಲಿಕ ಎಂಬ ಭೇದ ಆಕಾಶದಲ್ಲಿ ನಡೆಯುವುದಿಲ್ಲ.

ಭಾರತದಲ್ಲಿಯೂ ಕಾಲ ಬದಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಉತ್ತರಾಖಂಡದ ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ ಸರ್ಕಾರಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆಗೆ ಚಾಲನೆ ಕೊಡಲಾಯಿತು. ಬೆಟ್ಟದ ಹಳ್ಳಿಗಳ ಬಡವರಿಗಾಗಿ ಮಾಡಿದ ಯೋಜನೆ ಅದು.

ಕೆಲವು ಆಕ್ಷೇಪಗಳು

'ಹೆಲಿಕಾಪ್ಟರ್ ಶ್ರೀಮಂತರ ವಾಹನ. ಗೌನಿಪಲ್ಲಿಯ ರೈತನಿಗೆ ಅದರಿಂದೇನು?' ಎಂದು ಕೇಳುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಹೆಲಿಕಾಪ್ಟರ್ ಕಾಣುವುದು ಚುನಾವಣೆ ಬಂದಾಗ; ಮೈದಾನದಲ್ಲಿ ಸುಣ್ಣದಿಂದ ವೃತ್ತ ಬರೆದು, ಧೂಳಿಗೆ ನೀರು ಚಿಮುಕಿಸುವಾಗ. ಹಾಗಾಗಿ ಈ ಮಾತಿನಲ್ಲಿ ಹುರುಳಿದೆ. ಹಾವು ಕಚ್ಚಿದವನಿಗೆ ಮೊದಲು ಬೇಕಾದದ್ದು ಹತ್ತಿರದ ಆಸ್ಪತ್ರೆಯಲ್ಲಿ ಔಷಧಿ, ಹೆಲಿಕಾಪ್ಟರ್ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು, ರಾತ್ರಿಯಲ್ಲೂ ಓಡುವ 108, ಗುಂಡಿಯಿಲ್ಲದ ರಸ್ತೆ ಮೊದಲ ಅಗತ್ಯಗಳು. ಆದರೆ ದಾರಿ ಕಾಯುವುದಕ್ಕೆ ಹೆಲಿಕಾಪ್ಟರ್ ಕೊಳ್ಳುವಷ್ಟು ಹಣ ಬೇಕಾಗಿಲ್ಲ. ನಕ್ಷೆಯ ಮೇಲೆ ಒಂದು ಗೆರೆ ಇಂದು ಎಳೆದರೆ ಸಾಕು. ಸೇವೆ ಇಪ್ಪತ್ತು ವರ್ಷದ ನಂತರ ಬಡವರಿಗೂ ಬರಬಹುದು. ಆ ವೇಳೆಗೆ ದಾರಿ ಮುಚ್ಚಿದ್ದರೆ ಯಾವ ಹಣವೂ ಅದನ್ನು ತೆರೆಯಲಾರದು.

'ಎತ್ತರದ ಕಟ್ಟಡ ಬೇಡವೆಂದರೆ ಜನ ಎಲ್ಲಿ ವಾಸಿಸಬೇಕು?' ಎಂಬುದು ಇನ್ನೊಂದು ಪ್ರಶ್ನೆ. ಅದೂ ನ್ಯಾಯವೇ. ಇಲ್ಲಿ ಕೇಳುತ್ತಿರುವುದು ಇಡೀ ನಗರದ ಆಕಾಶವನ್ನಲ್ಲ. ಕೆಲವು ದೊಡ್ಡ ಆಸ್ಪತ್ರೆಗಳಿಗೆ ಎರಡೆರಡು ಕಿರುದಾರಿಗಳನ್ನು. ಆ ದಾರಿಯ ಕೆಳಗಿನ ನಿವೇಶನದವರಿಗೆ ನಷ್ಟವಾದರೆ ಅದನ್ನು ತುಂಬಿಕೊಡುವ ಬಗೆಯನ್ನೂ ಯೋಚಿಸಬೇಕು. 1946ರ ತೀರ್ಪಿನ ಎರಡನೆಯ ಮಾತನ್ನು ಮರೆಯಬಾರದು.

ನೀವು ಮಾಡಬಹುದಾದದ್ದು

ಆಕಾಶದ ದಾರಿಯ ವಿಚಾರದಲ್ಲಿ ಒಂದು ವಿಚಿತ್ರ ಅನ್ಯಾಯವಿದೆ. ಅದನ್ನು ಮುಚ್ಚುವ ನಿರ್ಧಾರ ನಗರದಲ್ಲಿ ಆಗುತ್ತದೆ. ನಷ್ಟ ಅನುಭವಿಸುವವರು ದೂರದ ಊರಿನವರು. ನಗರದವರಿಗೆ ಆಸ್ಪತ್ರೆ ಕೂಗಳತೆಯಲ್ಲಿದೆ. ಹೆಲಿಕಾಪ್ಟರ್ ಬೇಕಾಗುವುದು ನೂರು ಕಿಲೋಮೀಟರ್ ಆಚೆಯವರಿಗೆ. ಆದರೆ ನಗರ ಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆಗಳನ್ನು ಕರೆದಾಗ, ಗೌನಿಪಲ್ಲಿಯಿಂದ ಅರ್ಜಿ ಬರುವುದಿಲ್ಲ. ಅದು ತಮ್ಮದೂ ವಿಷಯವೆಂದು ಅಲ್ಲಿನವರಿಗೆ ಯಾರೂ ಹೇಳಿರುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಅಧ್ಯಾಪಕರ ಜೊತೆ ಒಂದು ಕೆಲಸ ಮಾಡಿ. ನಿಮ್ಮ ಊರಿನಿಂದ ದೊಡ್ಡ ಆಸ್ಪತ್ರೆಯವರೆಗೆ ಒಂದು ನೇರ ಗೆರೆ ಎಳೆಯಿರಿ. ನಿಮ್ಮ ಊರಿನಲ್ಲಿ ಹೆಲಿಕಾಪ್ಟರ್ ಇಳಿಯಬಲ್ಲ ಬಯಲು ಯಾವುದು, ಅದರ ಸುತ್ತ ವಿದ್ಯುತ್ ತಂತಿ, ಮೊಬೈಲ್ ಗೋಪುರ ಎಲ್ಲಿವೆ ಎಂದು ಗುರುತಿಸಿ. ಗೆರೆಯ ಆ ತುದಿಯಲ್ಲಿ ಆಸ್ಪತ್ರೆಯ ಸುತ್ತ ಒಂದು ಕಿಲೋಮೀಟರಿನೊಳಗೆ ಎಷ್ಟು ಎತ್ತರದ ಕಟ್ಟಡಗಳಿವೆ ಎಂದು ಲೆಕ್ಕಹಾಕಿ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುತ್ತೀರಿ, ಕೆಲವರು ನಗರ ಯೋಜಕರು, ಕೆಲವರು ವೈದ್ಯರು. ಕಟ್ಟಡದ ನಕ್ಷೆಯೊಂದು ಸಹಿಗೆಂದು ನಿಮ್ಮ ಮೇಜಿಗೆ ಬಂದಾಗ, ಅದರ ಮೇಲಿನ ಖಾಲಿ ಆಕಾಶ ನಿಜಕ್ಕೂ ಖಾಲಿಯೇ, ಇಲ್ಲ ಅಲ್ಲಿ ಯಾರದಾದರೂ ದಾರಿ ಇದೆಯೇ ಎಂದು ಕೇಳಿ. ಸಹಿ ಹಾಕುವ ಮೊದಲು ಕೇಳಿ.